ಸಣ್ಣ ಮೀನುಗಾರಿಕೆ ದೋಣಿಯ ವೈರಿಂಗ್‌ನಿಂದ ಬೆಂಕಿ ಹತ್ತದಂತೆ ನೋಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸೂಳೆಕೆರೆಯಲ್ಲೋ, ವಾಣಿವಿಲಾಸ ಸಾಗರದಲ್ಲೋ, ಹರಿಹರದ ಹತ್ತಿರ ತುಂಗಭದ್ರೆಯಲ್ಲೋ ಮೀನು ಹಿಡಿಯುವವರು ದೋಣಿಯಲ್ಲಿ ಒಂದು ಬ್ಯಾಟರಿ, ಎರಡು ಲೈಟ್, ಮೊಬೈಲ್ ಚಾರ್ಜರ್ ಇಟ್ಟುಕೊಂಡಿದ್ದರೆ ಈ ಪುಟ ಅವರಿಗಾಗಿ. ದಾವಣಗೆರೆಯಲ್ಲಿ ಬ್ಯಾಟರಿ ಮತ್ತು ವೈರಿಂಗ್ ಕೆಲಸ ಮಾಡುವ ನನ್ನನ್ನು ಜನ ಕೇಳುವ ಪ್ರಶ್ನೆಗಳಿವು. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ಒಂದೇ ಸಾಲು ಸಾಕು.

ಬರೀ 12 ವೋಲ್ಟ್ ಬ್ಯಾಟರಿ. ಮುಟ್ಟಿದರೆ ಶಾಕೂ ಹೊಡೆಯಲ್ಲ. ಅದರಿಂದ ಬೆಂಕಿ ಹತ್ತುತ್ತಾ?

ಹತ್ತುತ್ತದೆ. ಶಾಕ್ ಬೇರೆ, ಬೆಂಕಿ ಬೇರೆ. ಶಾಕ್ ಹೊಡೆಯಲು ವೋಲ್ಟ್ ಜಾಸ್ತಿ ಬೇಕು. ತಂತಿ ಕಾಯುವುದು ಆಂಪಿಯರ್‌ನಿಂದ. ಮನೆಯ 230 ವೋಲ್ಟ್‌ನಲ್ಲಿ 60 ವ್ಯಾಟ್ ಬಲ್ಬ್ ಎಳೆಯುವುದು ಸುಮಾರು ಕಾಲು ಆಂಪಿಯರ್. ಅದೇ 60 ವ್ಯಾಟ್ ಲೈಟ್ 12 ವೋಲ್ಟ್‌ನಲ್ಲಿ 5 ಆಂಪಿಯರ್ ಎಳೆಯುತ್ತದೆ. ಅಂದರೆ ದೋಣಿಯ ವೈರ್ ಮನೆಯ ವೈರ್‌ಗಿಂತ ಸುಮಾರು ಇಪ್ಪತ್ತು ಪಟ್ಟು ಕರೆಂಟ್ ಹೊರಬೇಕು.

ಶಾರ್ಟ್ ಆದರಂತೂ ಕೇಳುವುದೇ ಬೇಡ. ಟ್ರ್ಯಾಕ್ಟರ್, ಲಾರಿ ಸ್ಟಾರ್ಟ್ ಮಾಡುವ ಬ್ಯಾಟರಿ ನೂರಾರು ಆಂಪಿಯರ್ ಒಮ್ಮೆಗೇ ಬಿಡುತ್ತದೆ. ಪ್ಲಸ್ ಮೈನಸ್ ನಡುವೆ ಪಾನ (ಸ್ಪ್ಯಾನರ್) ಅಡ್ಡ ಬಿದ್ದರೆ ಅದು ಕೆಂಪಗೆ ಕಾದು ಅಲ್ಲೇ ಅಂಟಿಕೊಳ್ಳಬಹುದು. ಕೈಯಲ್ಲಿ ಉಂಗುರ, ಕಡಗ ಇದ್ದರೆ ಬ್ಯಾಟರಿ ಕೆಲಸಕ್ಕೆ ಮೊದಲು ತೆಗೆದಿಡಿ.

ಸುತ್ತ ನೀರೇ ಇರುವಾಗ ಬೆಂಕಿಗೆ ಅಷ್ಟು ಹೆದರಬೇಕಾ?

ನೀರು ದೋಣಿಯ ಹೊರಗಿದೆ. ಉರಿಯುವ ಸಾಮಾನು ಒಳಗಿದೆ. ನೈಲಾನ್ ಬಲೆ, ಹಗ್ಗ, ಥರ್ಮೊಕೋಲ್ ಮೀನಿನ ಪೆಟ್ಟಿಗೆ, ಎಂಜಿನ್ ಇದ್ದರೆ ಪೆಟ್ರೋಲ್ ಕ್ಯಾನು, ಎಲ್ಲವೂ ಹತ್ತಿಕೊಳ್ಳುವ ವಸ್ತುಗಳೇ. ಫೈಬರ್ ದೋಣಿಯ ರೆಸಿನ್ ಕೂಡ ಉರಿಯುತ್ತದೆ, ಕಪ್ಪು ಹೊಗೆ ಬಿಡುತ್ತದೆ.

ಮನೆಗೆ ಬೆಂಕಿ ಬಿದ್ದರೆ ಬೀದಿಗೆ ಓಡಬಹುದು. ದೋಣಿಯಲ್ಲಿ ಓಡಲು ಜಾಗವಿಲ್ಲ. 1933ರ ನಂತರ ಮೊದಲ ಸಲ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ನೀರು ಎಲ್ಲೆಲ್ಲಿಗೆ ಹಬ್ಬಿತ್ತು ಅಂತ ಹಿರಿಯೂರು, ಹೊಸದುರ್ಗದ ಕಡೆಯವರು ನೋಡಿದ್ದಾರೆ. ಜಲಾಶಯ ತುಂಬಿದಾಗ ದಡ ದೂರ. ರಾತ್ರಿ ಬಲೆ ಬಿಡಲು ಹೋದವರ ಕೂಗು ಅಷ್ಟು ದೂರ ಕೇಳುವುದಿಲ್ಲ. ಅದಕ್ಕೇ ಲೈಫ್ ಜಾಕೆಟ್ ಇಲ್ಲದೆ ಯಾರೂ ಹೋಗಬೇಡಿ ಅನ್ನುವುದು.

ಬೆಂಕಿ ನಿಜವಾಗಿ ಶುರುವಾಗುವುದು ಎಲ್ಲಿ?

ಎರಡು ಕಡೆ. ಒಂದು, ಫ್ಯೂಸ್ ಇಲ್ಲದ ವೈರ್ ಎಲ್ಲೋ ಸವೆದು ಶಾರ್ಟ್ ಆದಾಗ. ಇನ್ನೊಂದು, ಸಡಿಲ ಜಾಯಿಂಟಿನಲ್ಲಿ. ಎರಡನೆಯದರ ಬಗ್ಗೆ ಯಾರೂ ಯೋಚನೆ ಮಾಡುವುದಿಲ್ಲ, ಆದ್ದರಿಂದ ಅದನ್ನೇ ಬಿಡಿಸಿ ಹೇಳುತ್ತೇನೆ.

ಎರಡು ವೈರಿನ ತುದಿ ಸುಲಿದು, ಕೈಯಲ್ಲೇ ತಿರುಚಿ, ಮೇಲೆ ಕಪ್ಪು ಟೇಪ್ ಸುತ್ತುವುದು ನಮ್ಮಲ್ಲಿ ಎಲ್ಲರೂ ಮಾಡುವ ಜಾಯಿಂಟು. ಒಂದು ಮಳೆಗಾಲ ಕಳೆದ ಮೇಲೆ ಅಂಥ ಟೇಪ್ ಬಿಚ್ಚಿ ನೋಡಿ. ಅಂಟು ಕರಗಿ ಕೈಗೆ ಮೆತ್ತಿಕೊಳ್ಳುತ್ತದೆ. ಒಳಗೆ ಮೀನಿನ ಪೊರೆ ಅಂಟಿರುತ್ತದೆ. ಹೊಳೆಯಬೇಕಾದ ತಾಮ್ರ ಕಪ್ಪಾಗಿರುತ್ತದೆ. ಜಾಯಿಂಟಿನ ಎರಡೂ ಕಡೆ ಒಂದು ಬೆರಳುದ್ದ ಪ್ಲಾಸ್ಟಿಕ್ ಗಟ್ಟಿಯಾಗಿ, ಕಂದು ಬಣ್ಣಕ್ಕೆ ತಿರುಗಿ, ಬಗ್ಗಿಸಿದರೆ ಬಿರುಕು ಬಿಡುತ್ತದೆ. ಆ ಜಾಯಿಂಟು ದಿನಾ ರಾತ್ರಿ ಬಿಸಿಯಾಗುತ್ತಿತ್ತು ಅಂತ ಅರ್ಥ.

ಲೆಕ್ಕ ಸುಲಭ. ಕಪ್ಪಾದ ಜಾಯಿಂಟಿನ ತಡೆ ಅರ್ಧ ಓಮ್ ಇದೆ, 5 ಆಂಪಿಯರ್ ಹರಿಯುತ್ತಿದೆ ಅಂದುಕೊಳ್ಳಿ. 5 ಗುಣಿಸು 5 ಗುಣಿಸು ಅರ್ಧ, ಹನ್ನೆರಡೂವರೆ ವ್ಯಾಟ್ ಬಿಸಿ. ಮೊಬೈಲ್ ರಿಪೇರಿಯವರ 25 ವ್ಯಾಟ್ ಸೋಲ್ಡರಿಂಗ್ ಐರನ್ನಿನ ಅರ್ಧದಷ್ಟು ಬಿಸಿ ಒಂದು ಬಟಾಣಿ ಗಾತ್ರದ ಜಾಗದಲ್ಲಿ, ಗಂಟೆಗಟ್ಟಲೆ. ಪಕ್ಕದಲ್ಲೇ ಒಣಗಿದ ಬಲೆ ಇದ್ದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ಇಲ್ಲಿ ಫ್ಯೂಸ್ ಹೋಗುವುದಿಲ್ಲ, ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಕರೆಂಟ್ ಜಾಸ್ತಿ ಆಗಿಲ್ಲವಲ್ಲ, ಅದೇ 5 ಆಂಪಿಯರ್ ಹರಿಯುತ್ತಿದೆ. ಫ್ಯೂಸಿನ ಪಾಲಿಗೆ ಎಲ್ಲ ಸರಿಯಾಗೇ ಇದೆ. ಸಡಿಲ ಜಾಯಿಂಟನ್ನು ಹಿಡಿಯಲು ದೋಣಿಯಲ್ಲಿ ನಿಮ್ಮ ಕಣ್ಣು, ಮೂಗು, ಕೈಯೇ ಸಾಧನ. ಲೈಟ್ ಮೊದಲಿಗಿಂತ ಮಂಕಾಗಿದೆ, ವೈರ್ ಅಲುಗಿಸಿದರೆ ಮಿಣುಕುತ್ತದೆ ಅಂದರೆ ಬಲ್ಬ್ ಬದಲಿಸುವ ಮೊದಲು ಜಾಯಿಂಟ್ ಹುಡುಕಿ.

ಹಾಗಾದರೆ ಫ್ಯೂಸ್ ಯಾಕೆ ಬೇಕು? ಎಲ್ಲಿ ಹಾಕಬೇಕು?

ಫ್ಯೂಸ್ ಇರುವುದು ವೈರ್ ಕಾಯಲು. ಲೈಟ್ ಕಾಯಲು ಅಂತ ತುಂಬಾ ಜನ ತಿಳಿದಿದ್ದಾರೆ, ಅದು ತಪ್ಪು. ಹಾಗಾಗಿ ಫ್ಯೂಸಿನ ಜಾಗ ಬ್ಯಾಟರಿಯ ಪ್ಲಸ್ ಟರ್ಮಿನಲ್ ಪಕ್ಕ, ಹೆಚ್ಚೆಂದರೆ ಒಂದು ಗೇಣು ದೂರ. ಬ್ಯಾಟರಿ ಹಿಂದೆ, ಫ್ಯೂಸ್ ಮುಂದೆ ಲೈಟಿನ ಹತ್ತಿರ ಅಂತ ಹಾಕಿಸಿದರೆ ನಡುವಿನ ನಾಲ್ಕೈದು ಮೀಟರ್ ವೈರಿಗೆ ಯಾವ ಕಾವಲೂ ಇಲ್ಲ. ಬಲೆ ಎಳೆಯುವಾಗ, ಕಾಲಲ್ಲಿ ತುಳಿಯುವಾಗ ಸವೆಯುವುದು ಆ ನಡುವಿನ ವೈರೇ.

ಎಷ್ಟು ಆಂಪಿಯರ್ ಅನ್ನುವುದನ್ನು ವೈರಿನ ದಪ್ಪ ನೋಡಿ ತೀರ್ಮಾನಿಸಿ. 1.5 ಸ್ಕ್ವೇರ್ ಎಂಎಂ ವೈರಿಗೆ 10 ಆಂಪಿಯರ್ ದಾಟಬೇಡಿ. 2.5ಕ್ಕೆ 15 ಸಾಕು. ಕಾರಿನಲ್ಲಿ ಬರುವ ಬ್ಲೇಡ್ ಫ್ಯೂಸ್ ಬಳಸಿ, ಯಾವ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಾದರೂ ಸಿಗುತ್ತದೆ. ಕೆಂಪು ಅಂದರೆ 10, ನೀಲಿ ಅಂದರೆ 15, ಹಳದಿ 20. ಕತ್ತಲಲ್ಲೂ ಟಾರ್ಚ್ ಹಾಕಿದರೆ ಬಣ್ಣ ಗೊತ್ತಾಗುತ್ತದೆ. ಮುಚ್ಚಳ ಇರುವ ಹೋಲ್ಡರ್ ತೆಗೆದುಕೊಳ್ಳಿ. ಫ್ಯೂಸ್ ಜೊತೆಗೆ ಬ್ಯಾಟರಿ ಹತ್ತಿರವೇ ಒಂದು ಮೇನ್ ಸ್ವಿಚ್ ಇರಲಿ, ಕೈ ಚಾಚಿದರೆ ಸಿಗುವ ಹಾಗೆ. ಎಂಜಿನ್ ಸೆಲ್ಫ್ ಸ್ಟಾರ್ಟ್ ಇದ್ದರೆ ಅದರ ದಪ್ಪ ಕೇಬಲ್ ಬೇರೆಯೇ ಹೋಗಬೇಕು. ಲೈಟಿನ ಫ್ಯೂಸ್ ಅದಕ್ಕೆ ತಡೆಯುವುದಿಲ್ಲ.

ಫ್ಯೂಸ್ ಪದೇ ಪದೇ ಹೋಗ್ತಿದೆ. ಸದ್ಯಕ್ಕೆ ಒಂದು ತಾಮ್ರದ ಎಳೆ ಕಟ್ಟಿದರೆ ನಡೆಯಲ್ವಾ?

ಬೇಡ. ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆಯೂ ಬೇಡ. ಫ್ಯೂಸ್ ಹೋಗುತ್ತಿದೆ ಅಂದರೆ ಎಲ್ಲೋ ಶಾರ್ಟ್ ಇದೆ, ಇಲ್ಲವೇ ಲೋಡ್ ಜಾಸ್ತಿ ಆಗಿದೆ. ಕಾರಣ ಏನೇ ಇರಲಿ, ಅದು ಸಿಗುವ ತನಕ ಮೇನ್ ಆಫ್ ಮಾಡಿ, ತಲೆಗೆ ಕಟ್ಟುವ ಟಾರ್ಚಿನಲ್ಲಿ ಕೆಲಸ ಮುಗಿಸಿ.

ಯಾವ ವೈರ್ ತರಬೇಕು? ಮನೆ ವೈರಿಂಗ್‌ನಲ್ಲಿ ಉಳಿದದ್ದು ಇದೆ.

ಒಂದೇ ದಪ್ಪ ತಂತಿ ಇರುವ ವೈರ್ ಆದರೆ ಬೇಡ. ದೋಣಿ ಅಲುಗಾಡುತ್ತಲೇ ಇರುತ್ತದೆ, ಅದು ಬಗ್ಗಿ ಬಗ್ಗಿ ಒಳಗೇ ಮುರಿಯುತ್ತದೆ. ಸಣ್ಣ ಎಳೆಗಳು ತುಂಬಿರುವ, ಮೆತ್ತಗೆ ಬಗ್ಗುವ ತಾಮ್ರದ ವೈರ್ ಬೇಕು. ಎಳೆಗೆ ತವರ ಲೇಪಿಸಿದ್ದು ಸಿಕ್ಕರೆ ಇನ್ನೂ ಒಳ್ಳೆಯದು, ಬೇಗ ಕಪ್ಪಾಗುವುದಿಲ್ಲ. ಅಲ್ಯೂಮಿನಿಯಂ ಕಡೆ ಹೋಗಲೇಬೇಡಿ.

ದಪ್ಪದ ಲೆಕ್ಕ ಹೀಗೆ. ದೋಣಿ ಐದು ಮೀಟರ್ ಇದ್ದರೆ ಕರೆಂಟ್ ಹೋಗಿ ಬರಲು ವೈರ್ ಹತ್ತು ಮೀಟರ್ ಆಗುತ್ತದೆ. ವಾಪಸ್ ಬರುವ ವೈರನ್ನು ಲೆಕ್ಕಕ್ಕೆ ಹಿಡಿಯುವುದನ್ನು ಎಲ್ಲರೂ ಮರೆಯುತ್ತಾರೆ. 0.75 ಸ್ಕ್ವೇರ್ ಎಂಎಂ ವೈರಿನಲ್ಲಿ ಅಷ್ಟು ದೂರಕ್ಕೆ ತಡೆ ಸುಮಾರು 0.24 ಓಮ್. 5 ಆಂಪಿಯರ್ ಲೈಟ್ ಹಾಕಿದರೆ 1.2 ವೋಲ್ಟ್ ದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಬ್ಯಾಟರಿಗೆ ಕೊಟ್ಟ ಚಾರ್ಜಿನಲ್ಲಿ ಹತ್ತನೇ ಒಂದು ಪಾಲು ಸುಮ್ನೆ ದಂಡ. ಅದೇ ವೈರ್ ತುದಿಯಲ್ಲಿ ಶಾರ್ಟ್ ಆಗಿ ಫ್ಯೂಸೂ ಇಲ್ಲದಿದ್ದರೆ 50 ಆಂಪಿಯರ್ ತನಕ ಹರಿಯಬಹುದು, ಮೇಲಿನ ಪ್ಲಾಸ್ಟಿಕ್ ಕರಗಿ ಸುಡುತ್ತದೆ. 2.5 ವೈರ್ ಹಾಕಿದರೆ ದಾರಿಯಲ್ಲಿ ಕಳೆಯುವುದು 0.35 ವೋಲ್ಟ್ ಅಷ್ಟೇ. ಸಣ್ಣ ದೋಣಿಗೆ 2.5 ತಂದುಬಿಡಿ. ಖರ್ಚಿನ ವ್ಯತ್ಯಾಸ ದೊಡ್ಡದಲ್ಲ.

ಪ್ಲಸ್ಸಿಗೆ ಕೆಂಪು, ಮೈನಸ್ಸಿಗೆ ಕಪ್ಪು. ಎರಡಕ್ಕೂ ಒಂದೇ ಬಣ್ಣ ಎಳೆದರೆ ಮುಂದೊಂದು ದಿನ ರಿಪೇರಿಗೆ ಕೂತವನು ಉಲ್ಟಾ ಕೊಟ್ಟೇ ಕೊಡುತ್ತಾನೆ.

ವೈರನ್ನು ದೋಣಿಯ ತಳದಲ್ಲಿ ನೀರು ನಿಲ್ಲುವ ಕಡೆ ಬಿಡಬೇಡಿ. ಅಂಚಿನ ಕೆಳಗೆ ಕೊಳವೆಯೊಳಗೆ ಹಾಯಿಸಿ, ಗೇಣಿಗೊಂದು ಕಡೆ ಕ್ಲಿಪ್ ಹಾಕಿ. ತಗಡು ಅಥವಾ ಫೈಬರ್ ತೂತಿನಲ್ಲಿ ದಾಟುವ ಕಡೆ ರಬ್ಬರ್ ಬುಷ್ ಇರಲೇಬೇಕು. ಇಲ್ಲದಿದ್ದರೆ ತೂತಿನ ಅಂಚೇ ವೈರನ್ನು ಕುಯ್ಯುತ್ತದೆ.

ಜಾಯಿಂಟ್ ಹೇಗೆ ಮಾಡಬೇಕು? ಸೋಲ್ಡರ್ ಮಾಡಿಸಿದರೆ ಸಾಕಾ?

ಮೊದಲ ಉತ್ತರ: ಜಾಯಿಂಟೇ ಮಾಡಬೇಡಿ. ಸ್ವಿಚ್ಚಿನಿಂದ ಲೈಟಿನ ತನಕ ಒಂದೇ ತುಂಡು ವೈರ್ ಎಳೆಯಿರಿ. ಅನಿವಾರ್ಯ ಆದರೆ ತಾಮ್ರದ ಲಗ್ (ವೈರಿನ ತುದಿಗೆ ಹಾಕುವ ಕೊಂಡಿ) ಅಥವಾ ಸ್ಲೀವ್ (ಎರಡು ತುದಿ ಸೇರಿಸುವ ಸಣ್ಣ ಕೊಳವೆ) ಹಾಕಿ, ಕ್ರಿಂಪಿಂಗ್ ಪ್ಲೈಯರ್‌ನಲ್ಲೇ ಒತ್ತಿ. ಕಟಿಂಗ್ ಪ್ಲೈಯರ್‌ನಲ್ಲಿ ಚಪ್ಪಟೆ ಮಾಡಿದ್ದನ್ನು ಕ್ರಿಂಪ್ ಅನ್ನುವುದಿಲ್ಲ. ಒತ್ತಿದ ಮೇಲೆ ಜೋರಾಗಿ ಎಳೆದು ನೋಡಿ. ಬಂದರೆ ಈಗಲೇ ಬರಲಿ, ನೀರಿನ ಮೇಲೆ ಬರುವುದು ಬೇಡ. ಅದರ ಮೇಲೆ, ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಹಾಕಿ ಬಿಸಿ ಮಾಡಿ. ಅಂಟು ಎರಡೂ ತುದಿಯಿಂದ ಸ್ವಲ್ಪ ಹೊರಗೆ ಬಂದರೆ ನೀರು ಒಳಗೆ ಹೋಗುವುದಿಲ್ಲ.

ಬರೀ ಸೋಲ್ಡರ್ ನಂಬಬೇಡಿ. ಸೀಸ ಎಳೆಗಳ ಒಳಗೆ ಹರಿದು ವೈರ್ ಅಷ್ಟುದ್ದ ಕಡ್ಡಿಯಾಗುತ್ತದೆ. ಕಡ್ಡಿ ಮುಗಿದು ಮೆತ್ತನೆಯ ವೈರ್ ಶುರುವಾಗುವ ಜಾಗದಲ್ಲೇ ಎಂಜಿನ್ ಅದುರಿಗೆ ಮುರಿಯುತ್ತದೆ.

ಬ್ಯಾಟರಿ ಎಲ್ಲಿಡಬೇಕು?

ಪ್ಲಾಸ್ಟಿಕ್ ಟ್ರೇನಲ್ಲಿಟ್ಟು ಬೆಲ್ಟ್ ಕಟ್ಟಿ. ದೋಣಿ ವಾಲಿದರೂ ಜರುಗಬಾರದು. ಟರ್ಮಿನಲ್ ಮೇಲೆ ರಬ್ಬರ್ ಟೋಪಿ ಇರಲಿ. ಗಾಳಿ ಆಡದ ಡಬ್ಬಿಯಲ್ಲಿ ಮಾತ್ರ ಮುಚ್ಚಬೇಡಿ. ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೂ ಒಂದು ಕಿಡಿಗೆ ಸಿಡಿಯುತ್ತದೆ. ಸಿಡಿದರೆ ಆಸಿಡ್ ಮುಖಕ್ಕೇ ಬರುತ್ತದೆ. ಬ್ಯಾಟರಿ ಮೇಲೆ ಬಗ್ಗಿ ಬೀಡಿ ಹಚ್ಚುವವರನ್ನು ಕಂಡರೆ ದಯವಿಟ್ಟು ತಡೆಯಿರಿ.

ಹೈಡ್ರೋಜನ್ ಹಗುರ, ಮೇಲಕ್ಕೆ ಹೋಗುತ್ತದೆ. ಪೆಟ್ರೋಲ್ ಆವಿ ಭಾರ, ದೋಣಿಯ ತಳದಲ್ಲಿ ಕೂರುತ್ತದೆ. ಆದ್ದರಿಂದ ಬ್ಯಾಟರಿ ಒಂದು ತುದಿಗೆ, ಪೆಟ್ರೋಲ್ ಕ್ಯಾನು ಇನ್ನೊಂದು ತುದಿಗೆ.

ಬ್ಯಾಟರಿ ಬಿಚ್ಚುವಾಗ ಮೊದಲು ಯಾವುದು ತೆಗೆಯಬೇಕು?

ಮೈನಸ್ ಮೊದಲು ತೆಗೆಯಿರಿ, ಕೊನೆಗೆ ಹಾಕಿ. ಮೈನಸ್ ಸಾಮಾನ್ಯವಾಗಿ ಎಂಜಿನ್ ಬಾಡಿಗೆ ಸೇರಿರುತ್ತದೆ. ಅದು ಹಾಗೇ ಇರುವಾಗ ಪ್ಲಸ್ ಬಿಚ್ಚುತ್ತಿದ್ದ ಪಾನ ಎಂಜಿನ್‌ಗೆ ತಾಗಿದರೆ ನೇರ ಶಾರ್ಟ್.

ಮನೆಯಲ್ಲಿ ಚಾರ್ಜ್ ಹಾಕುವಾಗ ಏನು ನೋಡಬೇಕು?

ರಾತ್ರಿ ಚಾರ್ಜಿಗೆ ಹಾಕಿ ಮಲಗುವ ಅಭ್ಯಾಸ ಬಿಡಿ. ಬಲೆ ರಾಶಿಯ ಪಕ್ಕ, ಅಡುಗೆ ಒಲೆ ಹತ್ತಿರ, ದೇವರ ದೀಪದ ಕೆಳಗೆ ಬೇಡ. ಗಾಳಿ ಆಡುವ ಪಡಸಾಲೆ ಒಳ್ಳೆಯದು. 100 ಆಂಪಿಯರ್-ಅವರ್ ಬ್ಯಾಟರಿಗೆ 10 ಆಂಪಿಯರ್ ಚಾರ್ಜರ್ ಸಾಕು. ತುಂಬಿದ ಮೇಲೆ ತಾನೇ ನಿಲ್ಲುವ ಚಾರ್ಜರ್ ಕೊಳ್ಳಿ. ಕ್ಲಿಪ್ ಹಾಕುವಾಗಲೂ ತೆಗೆಯುವಾಗಲೂ ಚಾರ್ಜರ್ ಸ್ವಿಚ್ ಆಫ್ ಇರಬೇಕು, ಇಲ್ಲದಿದ್ದರೆ ಕಿಡಿ ಹಾರುವುದು ಹೈಡ್ರೋಜನ್ ಇರುವ ಜಾಗದಲ್ಲೇ.

ಚಿತ್ರದುರ್ಗದ ಕಡೆ ಏಪ್ರಿಲ್, ಮೇ ಬಿಸಿಲು ಗೊತ್ತೇ ಇದೆ. ಬಿಸಿಲಲ್ಲಿ ಕಾದ ಬ್ಯಾಟರಿ ಚಾರ್ಜಿನಲ್ಲಿ ಗ್ಯಾಸ್ ಜಾಸ್ತಿ ಬಿಡುತ್ತದೆ, ನೀರೂ ಬೇಗ ಇಂಗುತ್ತದೆ. ತಣ್ಣಗಾದ ಮೇಲೆ ಚಾರ್ಜಿಗೆ ಹಾಕಿ. ಡಿಸ್ಟಿಲ್ಡ್ ವಾಟರ್ ಬಿಟ್ಟು ಕೆರೆ ನೀರು, ಬೋರ್ ನೀರು ಹಾಕಬೇಡಿ.

ಚಾರ್ಜರ್ ಕಡೆ ಇರುವುದು 230 ವೋಲ್ಟ್, ಅಲ್ಲಿ ಶಾಕ್ ಪ್ರಾಣ ತೆಗೆಯುತ್ತದೆ. ಮನೆಯ ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿಕೊಳ್ಳಿ. ಬೆಸ್ಕಾಂ ಕಂಬದಿಂದ ನೇರ ಕೊಕ್ಕೆ ಹಾಕಿ ದಡದಲ್ಲೇ ಚಾರ್ಜ್ ಮಾಡುವುದು ಅಪರಾಧ ಅನ್ನುವುದಕ್ಕಿಂತ ಮೊದಲು ಸಾವಿಗೆ ಆಹ್ವಾನ.

ಸೋಲಾರ್ ಪ್ಯಾನೆಲ್ ನೇರ ಬ್ಯಾಟರಿಗೆ ಕೊಡಬಹುದಾ?

12 ವೋಲ್ಟ್ ಅಂತ ಬರೆದ ಪ್ಯಾನೆಲ್ ಬಿಸಿಲಲ್ಲಿ, ಯಾವುದಕ್ಕೂ ಜೋಡಿಸದೆ ಇದ್ದಾಗ, 20 ವೋಲ್ಟ್ ದಾಟುತ್ತದೆ. ನಡುವೆ ಚಾರ್ಜ್ ಕಂಟ್ರೋಲರ್ ಬೇಕೇ ಬೇಕು. ಕಂಟ್ರೋಲರ್‌ಗೆ ಮೊದಲು ಬ್ಯಾಟರಿ ಕೊಡಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಬ್ಯಾಟರಿಗೂ ಕಂಟ್ರೋಲರ್‌ಗೂ ನಡುವೆ ಒಂದು ಫ್ಯೂಸ್. ಪ್ಯಾನೆಲ್‌ಗೆ ಆಫ್ ಸ್ವಿಚ್ ಇಲ್ಲ, ಕೆಲಸ ಮಾಡುವಾಗ ಮೇಲೆ ದಪ್ಪ ಗೋಣಿ ಹೊದಿಸಿ.

ಹಳೆ ಎಲೆಕ್ಟ್ರಿಕ್ ಸ್ಕೂಟರಿನ ಲಿಥಿಯಂ ಬ್ಯಾಟರಿ ಕಮ್ಮಿಗೆ ಸಿಗ್ತಿದೆ. ಹಾಕಬಹುದಾ?

ನನ್ನ ಮಾತು ಕೇಳಿದರೆ ಬೇಡ. ಹೊಸದಾಗಿ, ಒಳಗೆ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಎಲೆಕ್ಟ್ರಾನಿಕ್ ಬೋರ್ಡ್) ಇರುವ, ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಕೊಂಡರೆ ಅದು ಒಳ್ಳೆಯ ವಸ್ತುವೇ. ಹಗುರ, ಜಾಸ್ತಿ ವರ್ಷ ಬಾಳುತ್ತದೆ. ಆದರೆ ಬಿಚ್ಚಿ ಮತ್ತೆ ಜೋಡಿಸಿದ ಸ್ಕೂಟರ್ ಪ್ಯಾಕ್ ಒಳಗೆ ಯಾವ ಸೆಲ್ ಊದಿದೆ, ಬಿಎಂಎಸ್ ಇದೆಯೋ ಕಿತ್ತಿದ್ದಾರೋ ಹೊರಗಿನಿಂದ ಕಾಣುವುದಿಲ್ಲ. ಒಂದು ಸೆಲ್ ಕಾದು ಹತ್ತಿಕೊಂಡರೆ ಪಕ್ಕದ್ದೂ ಹತ್ತುತ್ತದೆ, ಸಾಲು ಸಾಲಾಗಿ ಹೋಗುತ್ತದೆ. ಬೆಂಕಿ ಆರಿಸುವ ಪೌಡರ್ ಹೊಡೆದರೆ ಜ್ವಾಲೆ ಆರಿದಂತೆ ಕಂಡು ಮತ್ತೆ ಏಳುತ್ತದೆ. ಹೊಗೆ ವಿಷ.

ಲಿಥಿಯಂ ಪ್ಯಾಕ್ ನೀರಿಗೆ ಬಿದ್ದರೆ ಒಣಗಿಸಿ ಬಳಸುವ ಯೋಚನೆ ಬಿಡಿ. ಗಂಟೆಗಳಾದ ಮೇಲೂ, ದಿನಗಳಾದ ಮೇಲೂ ಹತ್ತಿಕೊಳ್ಳಬಹುದು. ಮನೆಯೊಳಗೆ ತರದೆ ಬಯಲಲ್ಲಿ ದೂರ ಇಡಿ.

ಇನ್ವರ್ಟರ್ ಕಟ್ಟಿ ನೀರಿಗೆ ಕರೆಂಟ್ ಬಿಟ್ಟರೆ ಮೀನು ಬೇಗ ಸಿಗುತ್ತಂತೆ. ವೈರಿಂಗ್ ಹೇಳಿಕೊಡ್ತೀರಾ?

ಇಲ್ಲ. ಕಾನೂನು ಒಪ್ಪುವುದಿಲ್ಲ. ಒದ್ದೆ ದೋಣಿಯಲ್ಲಿ ಒದ್ದೆ ಕೈಯಲ್ಲಿ ಹಿಡಿದವರೇ ಸಾಯುತ್ತಾರೆ. ಮರಿ ಮೀನೂ ಉಳಿಯದ ಕೆರೆಯಲ್ಲಿ ಮುಂದಿನ ವರ್ಷ ಕಾಟ್ಲಾ, ರೋಹು ಎಲ್ಲಿಂದ ಬರಬೇಕು?

ಔಟ್‌ಬೋರ್ಡ್ ಎಂಜಿನ್ ಇದೆ. ಬೇರೆ ಏನಾದರೂ ಎಚ್ಚರಿಕೆ?

ಕ್ಯಾನನ್ನು ದಡಕ್ಕಿಳಿಸಿ ಪೆಟ್ರೋಲ್ ತುಂಬಿ. ಸ್ಟಾರ್ಟ್ ಮಾಡುವ ಮೊದಲು ತಳದ ಹಲಗೆ ಎತ್ತಿ ಮೂಸಿ ನೋಡಿ. ವಾಸನೆ ಇದ್ದರೆ ಸ್ವಿಚ್ ಯಾವುದನ್ನೂ ಮುಟ್ಟದೆ ಗಾಳಿ ಆಡಲು ಬಿಡಿ. ಮನೆಯ ಸಾಮಾನ್ಯ ಸ್ವಿಚ್ ಒತ್ತಿದಾಗ ಒಳಗೆ ಸಣ್ಣ ಕಿಡಿ ಬರುತ್ತದೆ, ಅಂಥದ್ದನ್ನು ಎಂಜಿನ್ ಹತ್ತಿರ ಹಾಕಲೇಬಾರದು.

ಮಲ್ಪೆ ಕಡೆಯಿಂದ ಸೆಕೆಂಡ್ ಹ್ಯಾಂಡ್ ದೋಣಿ ತಂದಿದ್ದೇವೆ. ಅದರ ವೈರಿಂಗ್ ಹಾಗೇ ಬಳಸಬಹುದಾ?

ದೋಣಿ ಇಟ್ಟುಕೊಳ್ಳಿ, ವೈರಿಂಗ್ ಪೂರ್ತಿ ಕಿತ್ತು ಹೊಸದು ಹಾಕಿಸಿ. ಉಪ್ಪುನೀರು ನಮ್ಮ ಕೆರೆ ನೀರಿಗಿಂತ ಎಷ್ಟೋ ಪಟ್ಟು ಚೆನ್ನಾಗಿ ಕರೆಂಟ್ ಹರಿಸುತ್ತದೆ, ತಾಮ್ರವನ್ನು ಬೇಗ ತಿನ್ನುತ್ತದೆ. ತುದಿಯಲ್ಲಿ ಹಸಿರು ಕಂಡರೆ ಅದು ಪ್ಲಾಸ್ಟಿಕ್ ಒಳಗೆ ಎಷ್ಟು ದೂರ ಹೋಗಿದೆಯೋ ಗೊತ್ತಾಗುವುದಿಲ್ಲ. ತುದಿ ಕತ್ತರಿಸಿ ಹೊಸ ಲಗ್ ಹಾಕಿದರೂ ಒಳಗಿನ ತಾಮ್ರ ಹಳೆಯದೇ.

ನಾವು ತೆಪ್ಪದಲ್ಲಿ ಹೋಗುವವರು. ನಮಗೂ ಇದೆಲ್ಲ ಬೇಕಾ?

ತಲೆಗೆ ಕಟ್ಟುವ ಟಾರ್ಚ್ ಇದ್ದರೆ ಸಾಕು. ತೆಪ್ಪಕ್ಕೆ ಆಸಿಡ್ ಬ್ಯಾಟರಿ ಏರಿಸಬೇಡಿ.

ಸುಟ್ಟ ವಾಸನೆ ಬಂತು. ಮೊದಲು ಏನು ಮಾಡಬೇಕು?

ಮೇನ್ ಸ್ವಿಚ್ ಆಫ್. ಎಲ್ಲಿಂದ ಅಂತ ಹುಡುಕುವುದು ಆಮೇಲೆ. ಕರೆಂಟ್ ನಿಂತರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಜ್ವಾಲೆ ಎದ್ದಿದ್ದರೆ ಪೆಟ್ರೋಲ್ ಕ್ಯಾನು ದೂರ ಸರಿಸಿ, ಎಲ್ಲರೂ ಲೈಫ್ ಜಾಕೆಟ್ ಬಿಗಿ ಮಾಡಿಕೊಳ್ಳಿ, ಗಾಳಿ ಬರುವ ಕಡೆಗೆ ಬೆನ್ನು ಮಾಡಿ ನಿಂತು, ಬೆಂಕಿ ಆರಿಸುವ ಎಬಿಸಿ ಪೌಡರ್ ಸಿಲಿಂಡರ್‌ನಿಂದ ಜ್ವಾಲೆಯ ಬುಡಕ್ಕೆ ಹೊಡೆಯಿರಿ. ತುದಿಗೆ ಹೊಡೆದರೆ ಪೌಡರ್ ವ್ಯರ್ಥ. ಎರಡು ಕೆಜಿ ಸಿಲಿಂಡರ್ ಕೆಲವೇ ಸೆಕೆಂಡಿನಲ್ಲಿ ಖಾಲಿಯಾಗುತ್ತದೆ.

ಮೇನ್ ಆಫ್ ಆದ ಮೇಲೆ ಬಲೆ, ಮರ ಉರಿಯುತ್ತಿದ್ದರೆ ಬಕೆಟ್ ನೀರು ಸುರಿಯಬಹುದು. ಪೆಟ್ರೋಲ್ ಮೇಲೆ ಮಾತ್ರ ನೀರು ಬೇಡ, ಬೆಂಕಿ ತೇಲಿ ಹರಡುತ್ತದೆ. ಕೈಮೀರಿತು ಅನ್ನಿಸಿದರೆ ಗಾಳಿ ಬರುವ ಕಡೆಯಿಂದಲೇ ನೀರಿಗೆ ಇಳಿಯಿರಿ. ಫೋನ್ ಕೈಯಲ್ಲಿದ್ದರೆ 112. ಹೊರಡುವಾಗ ಯಾವ ಕಡೆ ಹೋಗುತ್ತೀರಿ ಅಂತ ಮನೆಯಲ್ಲಿ ಹೇಳಿ ಹೋಗಿ.

ಸಿಲಿಂಡರನ್ನು ಬ್ಯಾಟರಿ ಪಕ್ಕ ಇಡಬೇಡಿ, ಬೆಂಕಿ ಅಲ್ಲೇ ಎದ್ದರೆ ಕೈಗೆ ಸಿಗುವುದಿಲ್ಲ. ಮುಳ್ಳು ಹಸಿರಿನಲ್ಲಿದೆಯಾ ಅಂತ ತಿಂಗಳಿಗೊಮ್ಮೆ ನೋಡಿ, ತಲೆಕೆಳಗು ಮಾಡಿ ಅಲುಗಿಸಿ. ದೋಣಿಯ ಅದುರಿಗೆ ಪೌಡರ್ ಗಟ್ಟಿ ಕೂತಿರುತ್ತದೆ.

ಇದನ್ನೆಲ್ಲ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಬಹುದಾ?

ಧಾರಾಳವಾಗಿ. ಮನೆ ವೈರಿಂಗ್ ಮಾಡುವವರಿಗಿಂತ 12 ವೋಲ್ಟ್ ಕೆಲಸ ಅವರಿಗೇ ಚೆನ್ನಾಗಿ ಗೊತ್ತು. ಆದರೆ ಟ್ರ್ಯಾಕ್ಟರಿನಲ್ಲಿ ಮಾಡುವ ಹಾಗೆ ಮೈನಸ್ಸನ್ನು ಬಾಡಿಗೆ ಕೊಡಬೇಡಿ, ಪ್ರತಿ ಲೈಟಿಗೂ ಎರಡು ವೈರ್ ಎಳೆಯಿರಿ ಅಂತ ಮೊದಲೇ ಹೇಳಿ. ಫ್ಯೂಸ್ ಬ್ಯಾಟರಿ ಹತ್ತಿರ ಬೇಕು, ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಬೇಡ ಅನ್ನುವುದನ್ನೂ ಹೇಳಿ. ಕೆಲಸ ಮುಗಿದ ಮೇಲೆ ದಡದಲ್ಲೇ ಅರ್ಧ ಗಂಟೆ ಎಲ್ಲ ಲೈಟ್ ಉರಿಸಿ. ಫ್ಯೂಸ್ ಹೋಲ್ಡರ್, ಸ್ವಿಚ್ಚಿನ ಹಿಂಭಾಗ, ಒಂದೊಂದು ಲಗ್ಗೂ ಬೆರಳಿಂದ ಮುಟ್ಟಿ ನೋಡಿ. ಯಾವುದಾದರೂ ಬೆಚ್ಚಗಿದ್ದರೆ ಅವರ ಎದುರೇ ಬಿಚ್ಚಿಸಿ ಸರಿ ಮಾಡಿಸಿ, ಆಮೇಲೆ ದುಡ್ಡು ಕೊಡಿ. ಮುಂದೆ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಇದೇ ರೀತಿ ಮುಟ್ಟಿ ನೋಡಿ. ಟರ್ಮಿನಲ್ ಮೇಲೆ ಬಿಳಿ ಹುಡಿ ಕಂಡರೆ ಸೋಡಾ ಪುಡಿ ಕಲಸಿದ ನೀರಲ್ಲಿ ಉಜ್ಜಿ, ಒಣಗಿಸಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಹಚ್ಚಿ.